ಚೈನ್ ಸುಳ್ಳು ಹೇಳಲ್ಲ, ಒಪ್ಪಿದೆ. ಆದ್ರೆ ಅದು ಹೇಳಿದ್ದಾದ್ರೂ ಏನು?

"ಬ್ಲಾಕ್‌ಚೈನ್ ಸುಳ್ಳು ಹೇಳಲ್ಲ" ಅನ್ನೋ ಮಾತು ಈಗ ನಮ್ಮ ಹಡಗಲಿ ತನಕ ಬಂದು ಮುಟ್ಟಿದೆ. ಚಹಾದಂಗಡಿ ಮುಂದೆ ನಿಂತ ಹುಡುಗರ ಮೊಬೈಲಲ್ಲಿ ಮೊದಲು ಕ್ರಿಕೆಟ್ ಸ್ಕೋರ್ ಇರ್ತಿತ್ತು. ಈಗ ನೋಡಿದ್ರೆ ವ್ಯಾಲೆಟ್ ಅಡ್ರೆಸ್ಸು! ಯಾವುದೋ ದೇಶದ, ಮುಖ ಮೂತಿ ಗೊತ್ತಿಲ್ಲದ ಯಾವನೋ ದುಡ್ಡಿನ ಕುಳ ("ವೇಲ್" ಅಂತಾರೆ ಅವನಿಗೆ, ತಿಮಿಂಗಿಲ) ಇವತ್ತು ಏನು ಕೊಂಡ, ಏನು ಮಾರಿದ ಅಂತ ನಿಮಿಷ ನಿಮಿಷಕ್ಕೂ ಟೆಲಿಗ್ರಾಂನಲ್ಲಿ ಬರುತ್ತೆ. ಅವನು ಕೊಂಡಿದ್ದನ್ನ ನಾವೂ ಕೊಳ್ಳೋದು, ಅವನು ಮಾರಿದಾಗ ನಾವೂ ಮಾರೋದು. ಇಷ್ಟೇ ವಿದ್ಯೆ. ಇದನ್ನ ಹೇಳಿಕೊಡೋಕೆ ತಿಂಗಳಿಗಿಷ್ಟು ಅಂತ ಫೀಸು ಬೇರೆ.

ನಮ್ಮ ಪಕ್ಕದೂರಿನ ಹುಡುಗ ಒಬ್ಬ ಮೆಕ್ಕೆಜೋಳ ಮಾರಿ ಬಂದ ದುಡ್ಡಲ್ಲಿ ಒಂದು ಪಾಲು ಇದಕ್ಕೆ ಹಾಕೋಕೆ ಹೊರಟಿದ್ದ. ಯಾಕಪ್ಪಾ ಅಂದ್ರೆ, "ಅಣ್ಣಾ, ಎಲ್ಲಾ ಚೈನ್ ಮ್ಯಾಲೆ ಕಾಣಾಕತ್ತೈತಿ. ಕಣ್ಣಿಗೆ ಕಾಣೋದ್ರಾಗ ಮೋಸ ಎಲ್ಲಿಂದ ಬರ್ತೈತಿ?" ಅಂದ. ಪ್ರಶ್ನೆ ಚೆನ್ನಾಗೇ ಇದೆ. ಉತ್ತರ ಮಾತ್ರ ಫೋನಲ್ಲಿ ಹೇಳಿ ಮುಗಿಯೋದಲ್ಲ. ಅದಕ್ಕೇ ಇಲ್ಲಿ ಕುಟ್ಟುತ್ತಾ ಕೂತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ಕ್ರಿಪ್ಟೋ ಮುಟ್ಟಬೇಡಿ ಅನ್ನೋ ಉಪದೇಶ ಇದಲ್ಲ. ಅದನ್ನ ಹೇಳೋಕೆ ರಿಸರ್ವ್ ಬ್ಯಾಂಕಿನವರಿದ್ದಾರೆ. ಹಾಗಂತ "ಬಿಟ್‌ಕಾಯಿನ್ ಬಂದು ಬಡತನ ಓಡಿಸುತ್ತೆ" ಅನ್ನೋ ಪಾರ್ಟಿಯೂ ನಾನಲ್ಲ. ನನ್ನ ಜಗಳ ಇರೋದು ಒಂದೇ ಒಂದು ನಂಬಿಕೆ ಜೊತೆ. ಚೈನ್ ಮೇಲೆ ಕಂಡದ್ದು ಸಾಕ್ಷಿ, ಸಾಕ್ಷಿ ನೋಡಿ ಮಾಡೋ ವ್ಯಾಪಾರ ಜೂಜಲ್ಲ ಅಂತಾರಲ್ಲ, ಆ ನಂಬಿಕೆ ಜೊತೆ.

ಚೈನ್ ಹೇಳೋದು ಎಷ್ಟು ಅಂತ ಮೊದಲು ನೋಡಿ. ಈ ಅಡ್ರೆಸ್ಸಿಂದ ಆ ಅಡ್ರೆಸ್ಸಿಗೆ, ಇಷ್ಟು ಮೊತ್ತ, ಈ ಹೊತ್ತಿಗೆ ಹೋಯ್ತು. ಮುಗೀತು. ಕಳಿಸಿದೋನು ಯಾರು? ಗೊತ್ತಿಲ್ಲ. ಮಾರಿದ್ದೋ, ಅಡ ಇಟ್ಟಿದ್ದೋ, ಬಲಗಿಸೆಯಿಂದ ಎಡಗಿಸೆಗೆ ಹಾಕಿದ್ದೋ? ಗೊತ್ತಿಲ್ಲ. ಉಳಿದದ್ದೆಲ್ಲಾ, ಅಂದ್ರೆ "ಅಮೆರಿಕದ ದೊಡ್ಡ ಫಂಡ್ ಕೊಳ್ತಾ ಇದೆ", "ಹ್ಯಾಕರ್ ಮಾರ್ತಾ ಇದಾನೆ", "ಒಳಗಿನವರಿಗೆ ಏನೋ ಸುಳಿವು ಸಿಕ್ಕಿದೆ", ಇವೆಲ್ಲಾ ಮನುಷ್ಯರು ಮೇಲಿಂದ ಅಂಟಿಸಿದ ಚೀಟಿಗಳು. ಚೀಟಿ ಮೇಲೆ ಯಾವ ಗಣಿತದ ಮುದ್ರೆಯೂ ಇರಲ್ಲ.

ನಮ್ಮ ತಾಲೂಕಿನವರಿಗೆ ಇದು ಬೇಗ ಅರ್ಥ ಆಗಬೇಕಿತ್ತು. ಪ್ರತಿವರ್ಷ ಭರತ ಹುಣ್ಣಿಮೆ ಜಾತ್ರೆಗೆ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ಕಾರ್ಣಿಕ ನುಡೀತಾನೆ. ನುಡಿಯೋದು ಒಂದು ಸಾಲು. ಲಕ್ಷಾಂತರ ಜನ ಅದನ್ನ ಕಿವಿಯಾರೆ ಕೇಳ್ತಾರೆ, ಅವನು ನುಡಿದಿದ್ದು ಅದೇ ಸಾಲು ಅನ್ನೋದರಲ್ಲಿ ಯಾರಿಗೂ ತಕರಾರಿಲ್ಲ. ಆದ್ರೆ ಜಾತ್ರೆಯಿಂದ ಊರಿಗೆ ಹೋಗೋ ಬಸ್ಸಲ್ಲೇ ನೋಡಿ... ರೈತ ಅದರಲ್ಲಿ ಮಳೆ ಕಾಣ್ತಾನೆ, ವ್ಯಾಪಾರಿ ರೇಟು ಕಾಣ್ತಾನೆ, ಟಿವಿಯವರು ಮುಖ್ಯಮಂತ್ರಿ ಕುರ್ಚಿ ಕಾಣ್ತಾರೆ. ನಾನು ಕಾರ್ಣಿಕವನ್ನ ತಮಾಷೆ ಮಾಡ್ತಿಲ್ಲ, ಮೈಲಾರಲಿಂಗನ ಮೇಲೆ ನಮ್ಮ ಮನೇಲೂ ಭಕ್ತಿ ಇದೆ. ಆದ್ರೆ ಕಾರ್ಣಿಕದ ಅರ್ಥ ನಂಬಿ ಹೊಲ ಮಾರಿದೋರನ್ನ ನಾನು ನೋಡಿಲ್ಲ. ವ್ಯಾಲೆಟ್ ಅಲರ್ಟ್ ನಂಬಿ ಬೆಳೆ ದುಡ್ಡು ಹಾಕೋರನ್ನ ನೋಡ್ತಿದ್ದೀನಿ.

ಇನ್ನು ಉದಾಹರಣೆಗೆ ಬರ್ತೀನಿ. ಅಮೆರಿಕಕ್ಕೆ ಹೋಗೋದೇ ಬೇಡ, ನಮ್ಮ ಕರ್ನಾಟಕದಲ್ಲೇ ಒಂದು ಬಂಗಾರದಂಥ ಉದಾಹರಣೆ ಇದೆ. ಎಲ್ಲರಿಗೂ ನೆನಪಿದೆ, ಆದ್ರೆ ರಾಜಕೀಯ ಮಾತ್ರ ನೆನಪಿದೆ. ಅದೇ, ಶ್ರೀಕಿ ಪ್ರಕರಣ!

2020ರ ನವೆಂಬರಲ್ಲಿ ಬೆಂಗಳೂರು ಪೊಲೀಸರು ಒಂದು ಡ್ರಗ್ಸ್ ಕೇಸಲ್ಲಿ ಶ್ರೀಕೃಷ್ಣ ಅಲಿಯಾಸ್ ಶ್ರೀಕಿ ಅನ್ನೋ ಹುಡುಗನನ್ನ ಹಿಡಿದರು. ವಿಚಾರಣೆ ಮಾಡ್ತಾ ಹೋದಂಗೆ ಹ್ಯಾಕಿಂಗ್ ಕತೆಗಳು ಹೊರಬಂದವು. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ 11.5 ಕೋಟಿ ಹೋಗಿದ್ದ ಕೇಸೂ ಇದರಲ್ಲಿ ಸೇರಿತು. ಇದರ ಜೊತೆ, ಹಾಂಗ್‌ಕಾಂಗ್‌ನ ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜನ್ನೂ ತಾನೇ ಹ್ಯಾಕ್ ಮಾಡಿದ್ದೆ ಅಂತ ಆತ ಹೇಳಿದ್ದಾನೆ ಅನ್ನೋ ಹೇಳಿಕೆ ಪೊಲೀಸ್ ಕಾಗದಗಳಲ್ಲಿ ಬಂತು. ಬಿಟ್‌ಫಿನೆಕ್ಸ್ ಅಂದ್ರೆ ಸಣ್ಣದಲ್ಲ ಸ್ವಾಮಿ. 2016ರ ಆಗಸ್ಟಲ್ಲಿ ಅಲ್ಲಿಂದ ಸುಮಾರು 1 ಲಕ್ಷ 20 ಸಾವಿರ ಬಿಟ್‌ಕಾಯಿನ್ ಕಳುವಾಗಿದ್ದವು.

ಈಗ ಚೈನ್ ಡೇಟಾ ರಂಗಪ್ರವೇಶ ಮಾಡುತ್ತೆ ನೋಡಿ. ವೇಲ್ ಅಲರ್ಟ್ ಅಂತ ಒಂದು ಸೇವೆ ಇದೆ, ದೊಡ್ಡ ಮೊತ್ತ ಅಲುಗಾಡಿದಾಗೆಲ್ಲಾ ಟ್ವೀಟ್ ಮಾಡುತ್ತೆ. ಕಳುವಾದ ಬಿಟ್‌ಫಿನೆಕ್ಸ್ ನಾಣ್ಯಗಳು 2020ರ ಡಿಸೆಂಬರ್ 1ಕ್ಕೆ ಒಂದಿಷ್ಟು, 2021ರ ಏಪ್ರಿಲ್ 14ಕ್ಕೆ ಇನ್ನೊಂದಿಷ್ಟು ಅಲುಗಾಡಿವೆ ಅಂತ ಅದು ತೋರಿಸಿತ್ತು. ಎರಡೂ ದಿನ ಶ್ರೀಕಿ ಕಸ್ಟಡಿಯಲ್ಲಿದ್ದ! 2021ರ ನವೆಂಬರಲ್ಲಿ ಕಾಂಗ್ರೆಸ್ಸಿನ ರಣದೀಪ್ ಸುರ್ಜೇವಾಲಾ ಪತ್ರಿಕಾಗೋಷ್ಠಿ ಕರೆದು ಇದೇ ಎರಡು ತಾರೀಖು ಇಟ್ಟುಕೊಂಡು ಸರ್ಕಾರಕ್ಕೆ ಪ್ರಶ್ನೆ ಹಾಕಿದರು. ಮೊತ್ತ 5,240 ಕೋಟಿ ರೂಪಾಯಿ ಅಂತ ಲೆಕ್ಕ. ಆರೋಪಿ ನಿಮ್ಮ ಕೈಲಿದ್ದಾಗ ನಾಣ್ಯ ಹೋಗಿದ್ದೆಲ್ಲಿಗೆ?

ಒಂದು ಕ್ಷಣ ಪಕ್ಷ ಮರೆತು ಯೋಚಿಸಿ. ತರ್ಕ ಎಷ್ಟು ಚೆನ್ನಾಗಿದೆ! ಆರೋಪಿ ಹ್ಯಾಕ್ ಮಾಡಿದ್ದೆ ಅಂತಾನೆ. ಚೈನಲ್ಲಿ ನಾಣ್ಯ ಅಲುಗಾಡಿದ್ದು ನಿಜ. ತಾರೀಖು ನಿಜ. ಕಸ್ಟಡಿ ನಿಜ. ನಾಲ್ಕನ್ನೂ ಕೂಡಿಸಿದ್ರೆ ಉತ್ತರ ತಾನಾಗಿ ಬರುತ್ತೆ. ಆ ತಿಂಗಳು ನನ್ನ ಆಫೀಸಲ್ಲಿ ಇದನ್ನ ನಂಬದ ಎಂಜಿನಿಯರ್ ಒಬ್ಬನೂ ಇರಲಿಲ್ಲ ಅನ್ಸುತ್ತೆ. "ಚೈನ್ ಮೇಲಿದೆ ಮಗಾ" ಅನ್ನೋದೇ ಎಲ್ಲರ ಮಾತು.

ಮೂರು ತಿಂಗಳಾಗಲಿಲ್ಲ. 2022ರ ಫೆಬ್ರವರಿ 1ಕ್ಕೆ ಅದೇ ಕಳ್ಳಮಾಲಿನ ಉಳಿದ ಭಾಗ, 94 ಸಾವಿರಕ್ಕೂ ಹೆಚ್ಚು ಬಿಟ್‌ಕಾಯಿನ್, ಒಂದೇ ಹೊಸ ವ್ಯಾಲೆಟ್ಟಿಗೆ ಬಂದು ಬಿತ್ತು. ಜಗತ್ತೇ ಗುಲ್ಲೆದ್ದಿತು. ಹ್ಯಾಕರ್ ಮಾರೋಕೆ ಹೊರಟಿದ್ದಾನೆ, ಬೆಲೆ ಬೀಳುತ್ತೆ, ಓಡ್ರೋ ಅಂತ. ಫೆಬ್ರವರಿ 8ಕ್ಕೆ ಅಮೆರಿಕದ ನ್ಯಾಯ ಇಲಾಖೆ ಬಾಯಿಬಿಟ್ಟಿತು. ಅಲುಗಾಡಿಸಿದ್ದು ಹ್ಯಾಕರ್ ಅಲ್ಲವೇ ಅಲ್ಲ, ಪೊಲೀಸರು! ಆಗಿನ ಬೆಲೆಯಲ್ಲಿ 360 ಕೋಟಿ ಡಾಲರ್ ಮಾಲು ಜಪ್ತಿ ಆಗಿತ್ತು. ನ್ಯೂಯಾರ್ಕಲ್ಲಿ ಇಲ್ಯಾ ಲಿಕ್ಟೆನ್‌ಸ್ಟೈನ್, ಹೆದರ್ ಮಾರ್ಗನ್ ಅನ್ನೋ ಗಂಡ ಹೆಂಡತಿ ಸಿಕ್ಕಿಬಿದ್ದರು. 2023ರ ಆಗಸ್ಟಲ್ಲಿ ಬಿಟ್‌ಫಿನೆಕ್ಸ್ ಹ್ಯಾಕ್ ಮಾಡಿದ್ದು ತಾನೇ ಅಂತ ಲಿಕ್ಟೆನ್‌ಸ್ಟೈನ್ ಕೋರ್ಟಲ್ಲಿ ಒಪ್ಪಿಕೊಂಡ. 2024ರ ನವೆಂಬರಲ್ಲಿ ಐದು ವರ್ಷ ಶಿಕ್ಷೆ ಆಯ್ತು.

ಅಂದ್ರೆ ಚೈನ್ ಮೇಲಿನ ಒಂದೊಂದು ಅಂಕೆಯೂ ಸರಿ ಇತ್ತು. ಅದರ ಮೇಲೆ ಬೆಂಗಳೂರಲ್ಲಿ ಕಟ್ಟಿದ ಕತೆಗೂ ಆ ಅಂಕೆಗಳಿಗೂ ಸಂಬಂಧ ಇರಲಿಲ್ಲ.

ಈ ಕೇಸಲ್ಲಿ ಇನ್ನೊಂದು ಮಜಾ ಇದೆ, ಅದು ಟ್ರೇಡಿಂಗ್ ಮಾಡೋರಿಗೆ ಇನ್ನೂ ಹತ್ತಿರದ್ದು. 2021ರ ಜನವರಿಯಲ್ಲಿ ಬೆಂಗಳೂರು ಪೊಲೀಸರು 31 ಬಿಟ್‌ಕಾಯಿನ್, ಸುಮಾರು 9 ಕೋಟಿ ಬೆಲೆಯದು, ವಶ ಆಗಿದೆ ಅಂತ ಪ್ರಕಟಿಸಿದ್ದರು. ಅದೇ ನವೆಂಬರಲ್ಲಿ ಗಲಾಟೆ ಜೋರಾದಾಗ ವಿವರಣೆ ಕೊಟ್ಟರು. ತಜ್ಞರ ಮುಂದೆ ತೆರೆದು ನೋಡಿದಾಗ ಅದರಲ್ಲಿ 186 ಚಿಲ್ಲರೆ ಬಿಟ್‌ಕಾಯಿನ್ ಕಂಡಿತಂತೆ. ಆದ್ರೆ ಅದು ಆರೋಪಿಯ ಸ್ವಂತ ವ್ಯಾಲೆಟ್ಟೇ ಅಲ್ಲ, ಒಂದು ಎಕ್ಸ್‌ಚೇಂಜಿನ ಚಾಲ್ತಿ ವ್ಯಾಲೆಟ್ಟು, ಅದರ ಪ್ರೈವೇಟ್ ಕೀ ಅವನ ಹತ್ತಿರ ಇರಲಿಲ್ಲ ಅಂತ ಗೊತ್ತಾಯ್ತಂತೆ. ಬ್ಯಾಂಕಿನ ಗಾಜಿನ ಹೊರಗೆ ನಿಂತು ಒಳಗಿನ ನೋಟಿನ ಕಟ್ಟು ತೋರಿಸಿ "ನಂದೇ" ಅಂದ ಹಾಗೆ! ಕೈಯಲ್ಲಿ ಆರೋಪಿ, ಪಕ್ಕದಲ್ಲಿ ಸೈಬರ್ ತಜ್ಞರು, ಕೋರ್ಟಿನ ಅಧಿಕಾರ ಎಲ್ಲಾ ಇದ್ದ ಪೊಲೀಸರಿಗೇ "ಈ ವ್ಯಾಲೆಟ್ ಯಾರದ್ದು" ಅನ್ನೋ ಒಂದೇ ಪ್ರಶ್ನೆ ಇಷ್ಟು ಆಟ ಆಡಿಸಿತು. ಟೆಲಿಗ್ರಾಂ ಗುರುಗಳಿಗೆ ಮಾತ್ರ ಹತ್ತು ಸೆಕೆಂಡಲ್ಲಿ ಗೊತ್ತಾಗಿಬಿಡುತ್ತೆ :-)

(2023ರಲ್ಲಿ ಹೊಸ ಸರ್ಕಾರ ಎಸ್‌ಐಟಿ ಮಾಡ್ತು, ತನಿಖೆ ಮಾಡಿದ್ದ ಪೊಲೀಸರ ಮೇಲೇ ಕೇಸು ಆಯ್ತು. ಅದು ಬೇರೆ ರಾಮಾಯಣ, ಒತ್ತಟ್ಟಿಗಿರಲಿ.)

ಅಮೆರಿಕದವರಾದ್ರೂ ಹೇಗೆ ಹಿಡಿದರು? ಚೈನ್ ನೋಡಿಯೇ ಹಿಡಿದರಲ್ಲಾ ಅಂತ ಕೇಳಬಹುದು. ಹೌದು, ನೋಡಿದರು. ಐದಾರು ವರ್ಷ ನೋಡಿದರು. ಆದ್ರೆ ಬೀಗ ತೆಗೆದದ್ದು ಚೈನ್ ಅಲ್ಲ. ಎಕ್ಸ್‌ಚೇಂಜುಗಳಿಂದ ಖಾತೆದಾರರ ದಾಖಲೆ ತರಿಸಿಕೊಂಡರು, ವಾರಂಟ್ ತಗೊಂಡು ಅವನ ಕ್ಲೌಡ್ ಸ್ಟೋರೇಜ್ ತೆರೆಸಿದರು, ಅಲ್ಲಿ ಎನ್‌ಕ್ರಿಪ್ಟ್ ಮಾಡಿಟ್ಟ ಫೈಲಲ್ಲಿ ಅಡ್ರೆಸ್ಸು, ಕೀ ಎಲ್ಲಾ ಸಾಲಾಗಿ ಸಿಕ್ಕವು. ನಿಮ್ಮ ಹತ್ತಿರ ವಾರಂಟ್ ಇದೆಯಾ? ನನ್ನ ಹತ್ತಿರ ಅಂತೂ ಇಲ್ಲ.

ಸ್ವಲ್ಪ ಒಳಗಿನ ಯಂತ್ರ ಬಿಚ್ಚೋಣ. ಬೇಜಾರಾದ್ರೆ ಮುಂದಿನ ಎರಡು ಪ್ಯಾರಾ ಹಾರಿಸಿ, ಆದ್ರೆ ದುಡ್ಡು ಹಾಕೋರು ಹಾರಿಸಬೇಡಿ.

ಬಿಟ್‌ಕಾಯಿನಲ್ಲಿ ನಮ್ಮ ಬ್ಯಾಂಕ್ ಪಾಸ್‌ಬುಕ್ ಥರ ಬ್ಯಾಲೆನ್ಸ್ ಅನ್ನೋದು ಇಲ್ಲ. ನೋಟು ಇದ್ದಂಗೆ. ನೀವು ಹಡಗಲಿ ಬಸ್ಸಲ್ಲಿ ನಲವತ್ತು ರೂಪಾಯಿ ಟಿಕೇಟಿಗೆ ಐನೂರರ ನೋಟು ಕೊಟ್ಟಿರಿ ಅಂತಿಟ್ಟುಕೊಳ್ಳಿ. ಕಂಡಕ್ಟರ್ ಬೈಕೊಂಡು 460 ಚಿಲ್ಲರೆ ವಾಪಸ್ ಕೊಡ್ತಾನೆ. ಬಿಟ್‌ಕಾಯಿನಲ್ಲೂ ಹಾಗೇ, ಇಡೀ ನೋಟು ಹೋಗುತ್ತೆ, ಚಿಲ್ಲರೆ ನಿಮಗೇ ವಾಪಸ್ ಬರುತ್ತೆ. ವ್ಯತ್ಯಾಸ ಏನಪ್ಪಾ ಅಂದ್ರೆ ಆ ಚಿಲ್ಲರೆ ಸಾಮಾನ್ಯವಾಗಿ ಒಂದು ಹೊಚ್ಚ ಹೊಸ ಅಡ್ರೆಸ್ಸಿಗೆ ಬರುತ್ತೆ. ಹೊರಗಿನಿಂದ ನೋಡೋನಿಗೆ ಎರಡು ಅಡ್ರೆಸ್ಸಿಗೆ ದುಡ್ಡು ಹೋದದ್ದು ಕಾಣುತ್ತೆ, ಟಿಕೇಟ್ ಯಾವುದು ಚಿಲ್ಲರೆ ಯಾವುದು ಕಾಣಲ್ಲ. 1,000 ಬಿಟ್‌ಕಾಯಿನ್ ಅಲುಗಾಡಿತು ಅಂತ ಬಾಯಿ ಬಡಕೊಳ್ಳೋ ವ್ಯವಹಾರದಲ್ಲಿ ನಿಜವಾಗಿ ಕೈ ಬದಲಾಗಿದ್ದು ಮೂರೇ ಇರಬಹುದು. ಇದನ್ನ ಊಹಿಸೋಕೆ ಸಾಫ್ಟ್‌ವೇರ್ ಕಂಪನಿಗಳು ಲೆಕ್ಕಾಚಾರ ಮಾಡ್ತವೆ, ಚೆನ್ನಾಗೂ ಮಾಡ್ತವೆ. ಆದ್ರೆ ಅದು ಊಹೆ. ಹತ್ತಾರು ಜನ ಬೇಕಂತಲೇ ನೋಟು ಒಟ್ಟು ಹಾಕಿ ಕಲಸಿ ಹಂಚಿಕೊಳ್ಳೋ ಕಾಯಿನ್‌ಜಾಯಿನ್ ಅನ್ನೋ ವಿಧಾನ ಇದೆ, ಅಲ್ಲಿ ಈ ಊಹೆ ತಲೆಕೆಳಗು.

ಎರಡನೇದು ಎಕ್ಸ್‌ಚೇಂಜು. ನೀವು ಎಕ್ಸ್‌ಚೇಂಜ್ ಒಳಗೆ ಕೊಳ್ಳೋದು ಮಾರೋದು ಸಾಮಾನ್ಯವಾಗಿ ಚೈನ್ ಮೇಲೆ ಬರೋದೇ ಇಲ್ಲ, ಅವರ ಸರ್ವರಲ್ಲಿ ಒಂದು ಸಾಲು ಬದಲಾಗುತ್ತೆ ಅಷ್ಟೇ. ಚೈನಲ್ಲಿ ಕಾಣೋದು ಒಳಗೆ ಬಂದದ್ದು, ಹೊರಗೆ ಹೋದದ್ದು, ಅವರದೇ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾಕಿದ್ದು. ಬೆಳಗಿನ ಜಾವ ನಮ್ಮೂರಿಂದ ಮಲ್ಲಿಗೆ ಹೂವಿನ ಗಂಟು ಬಸ್ಸಿನ ಮೇಲೆ ಏರಿದ್ದನ್ನ ಯಾರು ಬೇಕಾದ್ರೂ ನೋಡಬಹುದು. ಅಷ್ಟಕ್ಕೇ ಯಾರಿಗೆ ಮಾರಾಟ ಆಯ್ತು, ಯಾವ ರೇಟಿಗೆ ಹೋಯ್ತು, ಮದುವೆ ಮನೆಗೆ ಮೊದಲೇ ಮಾತಾಗಿ ಹೋದದ್ದಾ ಅಂತ ಹೇಳೋಕಾಗುತ್ತಾ? "ವೇಲ್ ಎಕ್ಸ್‌ಚೇಂಜಿಗೆ ಕಳಿಸಿದ, ಅಂದ್ರೆ ಮಾರ್ತಾನೆ" ಅನ್ನೋದು ಇಂಥದ್ದೇ ಹಾರಿಕೆ ತೀರ್ಮಾನ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅವನು ಚೈನ್ ಮೇಲೆ ನೂರು ಕೊಂಡಿದ್ದು ನಿಮಗೆ ಕಾಣುತ್ತೆ, ಅದೇ ಹೊತ್ತಲ್ಲಿ ಎಕ್ಸ್‌ಚೇಂಜ್ ಒಳಗೆ ಫ್ಯೂಚರ್ಸಲ್ಲಿ ನೂರಕ್ಕೆ ಶಾರ್ಟ್ ಹೊಡೆದಿದ್ದು ಕಾಣಲ್ಲ. ಅವನಿಗೆ ಬೆಲೆ ಏರಿದ್ರೂ ಒಂದೇ, ಬಿದ್ರೂ ಒಂದೇ. ಅವನ ಅರ್ಧ ಕೈ ನೋಡಿ ನೀವು ಪೂರ್ತಿ ದುಡ್ಡು ಹಾಕ್ತೀರಿ.

ಅಲರ್ಟೇ ತಪ್ಪು ಬಂದ್ರೆ? ಅದೂ ಆಗಿದೆ. 2023ರ ಏಪ್ರಿಲ್ 26ಕ್ಕೆ ಮೌಂಟ್ ಗಾಕ್ಸ್ ಮತ್ತು ಅಮೆರಿಕ ಸರ್ಕಾರದ ವ್ಯಾಲೆಟ್ಟುಗಳಿಂದ ಬಿಟ್‌ಕಾಯಿನ್ ಹೊರಟಿದೆ ಅಂತ ಸುದ್ದಿ ಹಬ್ಬಿತು, ಆರ್ಕಮ್ ಅನ್ನೋ ಕಂಪನಿಯ ಅಲರ್ಟ್ ಹೆಸರು ಹೇಳಿಕೊಂಡು. ನೋಡ್ತಾ ನೋಡ್ತಾ ಬೆಲೆ ಸುಮಾರು ಎರಡು ಸಾವಿರ ಡಾಲರ್ ಕೆಳಗೆ ಹೋಯ್ತು. ಆ ವ್ಯಾಲೆಟ್ಟುಗಳಿಂದ ಒಂದು ಕಾಸೂ ಅಲುಗಾಡಿರಲಿಲ್ಲ! ಚೈನ್ ತೆರೆದು ನೋಡಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗ್ತಿತ್ತು. ಚೈನ್ ಮೇಲೆ ಇಷ್ಟು ನಂಬಿಕೆ ಇರೋ ಜನ ಆ ಹೊತ್ತಲ್ಲಿ ಚೈನನ್ನೇ ನೋಡಲಿಲ್ಲ, ಮೆಸೇಜ್ ನೋಡಿದರು.

ನಿಜವಾಗಿ ಅಲುಗಾಡಿದಾಗ ಆಗಿದ್ದೇನು ಅಂತಾನೂ ನೋಡಿ. 2024ರ ಮೇ ಕೊನೆಗೆ ಮೌಂಟ್ ಗಾಕ್ಸ್‌ನ ಸುಮಾರು 1 ಲಕ್ಷ 40 ಸಾವಿರ ಬಿಟ್‌ಕಾಯಿನ್ ಅಲುಗಾಡಿದವು. ಬೆಲೆ ಬಿತ್ತು. ಅದು ಮಾರಾಟ ಅಲ್ಲ, ಸಾಲಗಾರರಿಗೆ ಹಂಚೋ ಮುಂಚೆ ತಮ್ಮದೇ ವ್ಯಾಲೆಟ್ಟಲ್ಲಿ ಜೋಡಿಸಿಕೊಂಡಿದ್ದು. ಮುಂದಿನ ತಿಂಗಳು ಜರ್ಮನಿ ಸರದಿ. ಅಲ್ಲಿನ ಸ್ಯಾಕ್ಸನಿ ರಾಜ್ಯದವರು ಜಪ್ತಿ ಮಾಡಿದ್ದ ಸುಮಾರು 50 ಸಾವಿರ ಬಿಟ್‌ಕಾಯಿನನ್ನ ಜೂನ್ ಜುಲೈನಲ್ಲಿ ನಿಜವಾಗಿಯೂ ಮಾರಿದರು. ಡೇಟಾ ಸರಿ, ಅರ್ಥವೂ ಸರಿ. ಅದನ್ನ ನೋಡಿ "ಸರ್ಕಾರವೇ ಮಾರ್ತಾ ಇದೆ" ಅಂತ ಜುಲೈ ಮೊದಲ ವಾರ 54 ಸಾವಿರ ಡಾಲರ್ ಆಸುಪಾಸಲ್ಲಿ ಮಾರಿ ಕೈತೊಳಕೊಂಡವರು ಡಿಸೆಂಬರ್ 5ಕ್ಕೆ ಬೆಲೆ 1 ಲಕ್ಷ ದಾಟಿದಾಗ ಏನಂದುಕೊಂಡಿರಬೇಕು? ಜರ್ಮನಿಯವರು ಬೆಲೆ ಬೀಳುತ್ತೆ ಅಂತ ಲೆಕ್ಕ ಹಾಕಿ ಮಾರಿದ್ದಲ್ಲ. ಬೆಲೆ ಹೀಗೆ ಏರಿಳಿಯೋ ಜಪ್ತಿ ಮಾಲನ್ನ ಇಟ್ಟುಕೊಂಡು ಕೂರಬಾರದು ಅನ್ನೋ ಅವರ ಕಾನೂನಿಗೆ ಮಾರಿದ್ದು. ಮಾರಿದ ಕಾರಣ ಚೈನ್ ಮೇಲೆ ಬರೆದಿರಲಿಲ್ಲ.

ಇಲ್ಲಿವರೆಗೆ ಹೇಳಿದ್ದು ಅಮಾಯಕ ತಪ್ಪುಗಳು. ಬೇಕಂತಲೇ ಮಾಡೋದು ಇನ್ನೊಂದು ಜಾತಿ.

ಶಿಬಾ ಇನು ಕಾಯಿನ್ ಗೊತ್ತಲ್ಲ, ನಾಯಿ ಚಿತ್ರದ್ದು. ಅದನ್ನ ಹುಟ್ಟಿಸಿದೋರು ಅರ್ಧಕ್ಕರ್ಧ ಕಾಯಿನನ್ನ ಇಥೀರಿಯಂನ ವಿಟಾಲಿಕ್ ಬುಟೆರಿನ್ ವ್ಯಾಲೆಟ್ಟಿಗೆ ತಾವೇ ಕಳಿಸಿದರು. ಅವನು ಕೇಳಿರಲಿಲ್ಲ, ಕೊಂಡಿರಲಿಲ್ಲ. ಬ್ಲಾಕ್‌ಚೈನಲ್ಲಿ ಯಾರು ಯಾರಿಗೆ ಬೇಕಾದ್ರೂ ಕಳಿಸಬಹುದು, ಬೇಡ ಅನ್ನೋ ಹಾಗಿಲ್ಲ. ಆದ್ರೆ ಚೈನ್ ನೋಡಿದೋರಿಗೆ "ವಿಟಾಲಿಕ್ ಹತ್ರ ಅರ್ಧ ಸಪ್ಲೈ ಇದೆ" ಅಂತ ಕಂಡಿತು. 2021ರ ಮೇನಲ್ಲಿ ಅವನು ಅದರಲ್ಲಿ ಒಂದು ದೊಡ್ಡ ಪಾಲನ್ನ, ಕಾಗದದ ಮೇಲೆ ಸುಮಾರು 100 ಕೋಟಿ ಡಾಲರ್ ಬೆಲೆಯದ್ದನ್ನ, ನಮ್ಮ ದೇಶದ ಕೋವಿಡ್ ಪರಿಹಾರ ನಿಧಿಗೆ ದಾನ ಮಾಡಿದ. ಒಳ್ಳೇ ಕೆಲಸ, ಕೈ ಮುಗೀಬೇಕು. ಆದ್ರೆ ಅವನ ವ್ಯಾಲೆಟ್ ನೋಡಿ ಕೊಂಡಿದ್ದೋರ ಬೆಲೆ ಅವತ್ತೇ ದೊಪ್ ಅಂತ ಬಿತ್ತು.

ಈಗ ಹುಡುಗರು ಹಿಂದೆ ಬಿದ್ದಿರೋ "ಸ್ಮಾರ್ಟ್ ಮನಿ" ವ್ಯಾಲೆಟ್ಟಿಗೆ ಬರೋಣ. "ಈ ವ್ಯಾಲೆಟ್ ಹತ್ತಕ್ಕೆ ಹತ್ತು ಸಲ ಗೆದ್ದಿದೆ ನೋಡಿ" ಅಂತ ಸ್ಕ್ರೀನ್‌ಶಾಟ್ ಕಳಿಸ್ತಾರೆ. ಗಣಿತದ ಮೇಷ್ಟ್ರು ಹೇಳಿದ್ದು ನೆನಪು ಮಾಡಿಕೊಳ್ಳಿ. 1,024 ಜನ ನಿಂತು ಟಾಸ್ ಹಾಕಿ, ಸೋತೋರು ಕೂರಲಿ. ಹತ್ತು ಟಾಸ್ ಆದಮೇಲೆ ಸರಾಸರಿ ಒಬ್ಬ ನಿಂತಿರ್ತಾನೆ. ಅವನಿಗೆ ಟಾಸಿನ ವಿದ್ಯೆ ಬರುತ್ತಾ? ವ್ಯಾಲೆಟ್ ವಿಷಯದಲ್ಲಿ ಇದು ಇನ್ನೂ ಸಲೀಸು, ಯಾಕಂದ್ರೆ 1,024 ಜನ ಬೇಡ, ಒಬ್ಬನೇ ಸಾಕು. ಸಾವಿರ ವ್ಯಾಲೆಟ್ ಮಾಡೋಕೆ ಆಧಾರ್ ಕೇಳೋರಿಲ್ಲ, ಸ್ಕ್ರಿಪ್ಟ್ ಬರೆದ್ರೆ ಕೆಲವೇ ನಿಮಿಷ (ಇದು ನನ್ನ ಕಸುಬು, ನಂಬಿ). ಸೋತವನ್ನ ಬಿಸಾಕಿ ಗೆದ್ದದ್ದನ್ನ ತೋರಿಸು. ನಾಲ್ಕು ಸಾವಿರ ಜನ ಆ ವ್ಯಾಲೆಟ್ ಹಿಂದೆ ಬಂದಮೇಲೆ ಮೊದಲೇ ಇನ್ನೊಂದು ಹೆಸರಲ್ಲಿ ಪುಕ್ಕಟೆ ಬೆಲೆಗೆ ಕೊಂಡಿಟ್ಟ ಕಾಯಿನನ್ನ ಈ ವ್ಯಾಲೆಟ್ಟಿಂದ ಒಂದಿಷ್ಟು ಕೊಳ್ಳು. ನಾಲ್ಕು ಸಾವಿರ ಜನ ಕೊಳ್ತಾರೆ. ಆಗ ಆ ಇನ್ನೊಂದು ಹೆಸರಿಂದ ಅವರಿಗೇ ಮಾರು. ಚೈನ್ ಎಲ್ಲವನ್ನೂ ಯಥಾವತ್ತಾಗಿ ಬರ್ಕೊಂಡಿರುತ್ತೆ!

ಬರೀ ವ್ಯಾಲೆಟ್ ಹಿಸ್ಟರಿ ನೋಡೋದ್ರಲ್ಲೂ ಗುಂಡಿ ಇದೆ. 2024ರ ಮೇನಲ್ಲಿ ಒಬ್ಬ ವ್ಯಾಪಾರಿ 1,155 ರ‍್ಯಾಪ್ಡ್ ಬಿಟ್‌ಕಾಯಿನ್, ಸುಮಾರು 6.8 ಕೋಟಿ ಡಾಲರಿನದ್ದು, ಕಳ್ಳನ ಅಡ್ರೆಸ್ಸಿಗೆ ತಾನೇ ಕಳಿಸಿದ. ಕಳ್ಳ ಮಾಡಿದ್ದಿಷ್ಟೇ, ವ್ಯಾಪಾರಿ ಬಳಸ್ತಿದ್ದ ಅಡ್ರೆಸ್ಸಿನ ಮೊದಲ ಮತ್ತು ಕೊನೆಯ ಅಕ್ಷರಗಳನ್ನೇ ಹೋಲೋ ಅಡ್ರೆಸ್ ಹುಟ್ಟಿಸಿ, ಅದು ಅವನ ಹಿಸ್ಟರಿಯಲ್ಲಿ ಕಾಣೋ ಹಾಗೆ ಒಂದು ವ್ಯವಹಾರ ಮಾಡಿಟ್ಟ. ವ್ಯಾಪಾರಿ ಹಿಸ್ಟರಿಯಿಂದ ಕಾಪಿ ಪೇಸ್ಟ್ ಮಾಡಿದ. (ಪುಣ್ಯಕ್ಕೆ ಕಳ್ಳ ಆಮೇಲೆ ಬಹುಪಾಲು ವಾಪಸ್ ಕಳಿಸಿದ. ನಮ್ಮ ಹುಡುಗರಿಗೆ ಅಂಥ ಕಳ್ಳ ಸಿಗ್ತಾನೆ ಅಂತ ಗ್ಯಾರಂಟಿ ಇಲ್ಲ.)

"ಹಂಗಾದ್ರೆ ಚೈನ್ ನೋಡೋದೇ ದಂಡ ಅಂತೀರಾ? ಎಫ್‌ಟಿಎಕ್ಸ್ ಮುಳುಗೋದು ಚೈನಲ್ಲಿ ಮೊದಲೇ ಕಾಣಲಿಲ್ವಾ?" ಅಂತ ಕೇಳೋರು ಇದ್ದೇ ಇರ್ತಾರೆ. ಕೇಳಲಿ, ನ್ಯಾಯವಾದ ಪ್ರಶ್ನೆ. 2022ರ ನವೆಂಬರ್ ಮೊದಲ ವಾರ ಎಫ್‌ಟಿಟಿ ಟೋಕನ್ ದೊಡ್ಡ ಮೊತ್ತದಲ್ಲಿ ಬೈನಾನ್ಸ್ ಕಡೆ ಹೋದದ್ದು ಎಲ್ಲರಿಗೂ ಕಂಡಿತ್ತು, 11ನೇ ತಾರೀಖು ಎಫ್‌ಟಿಎಕ್ಸ್ ದಿವಾಳಿ ಅರ್ಜಿ ಹಾಕಿತು. ಆದ್ರೆ ಬೆಂಕಿ ಹಚ್ಚಿದ್ದು ಚೈನಲ್ಲ. ಕಾಯಿನ್‌ಡೆಸ್ಕ್ ಪತ್ರಿಕೆ ಆ ತಿಂಗಳ 2ಕ್ಕೆ ಅಲಮೇಡಾದ ಬ್ಯಾಲೆನ್ಸ್ ಶೀಟ್ ಬಗ್ಗೆ ಬರೆದ ವರದಿ. ಗಿರಾಕಿಗಳಿಗೆ ಎಷ್ಟು ಕೊಡಬೇಕು ಅನ್ನೋ ಸಾಲದ ಲೆಕ್ಕ ಯಾವ ಬ್ಲಾಕಲ್ಲೂ ಇರಲಿಲ್ಲ. ಚೈನಲ್ಲಿ ಪೆಟ್ಟಿಗೆಯಲ್ಲಿರೋದು ಕಾಣುತ್ತೆ, ಖಾತೆ ಪುಸ್ತಕದ ಬಾಕಿ ಕಾಣಲ್ಲ.

ನಮ್ಮವೇ ಎರಡು ಹೇಳ್ತೀನಿ. 2024ರ ಜುಲೈ 18ಕ್ಕೆ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿ ಹೋಗಿದ್ದು ಚೈನಲ್ಲಿ ಇಡೀ ಜಗತ್ತಿಗೆ ಕಂಡಿತು. ಕಂಡು ಏನು ಮಾಡೋದು? ವಿತ್‌ಡ್ರಾವಲ್ ಬಂದ್. ಸಿಂಗಾಪುರದ ಕೋರ್ಟ್ ಸುತ್ತಿ ವಹಿವಾಟು ಮತ್ತೆ ಶುರುವಾಗಿದ್ದು 2025ರ ಅಕ್ಟೋಬರಲ್ಲಿ. ಇನ್ನೊಂದು 2025ರ ಜುಲೈದು, ಕಾಯಿನ್‌ಡಿಸಿಎಕ್ಸ್‌ನ ಒಂದು ಒಳಗಿನ ಖಾತೆಯಿಂದ ಸುಮಾರು 4.4 ಕೋಟಿ ಡಾಲರ್ ಹೋಯ್ತು. ಕಂಪನಿ ಬಾಯಿಬಿಡೋ ಮುಂಚೆ ಜಾಕ್‌ಎಕ್ಸ್‌ಬಿಟಿ ಅನ್ನೋ ಹೆಸರಿನ ಪತ್ತೇದಾರ ಚೈನ್ ನೋಡಿ ಹೇಳಿದ. ಇಲ್ಲಿ ಚೈನಿಗೆ ಒಂದು ನಮಸ್ಕಾರ ಹಾಕ್ತೀನಿ, ಬಚ್ಚಿಡೋಕೆ ಬಿಡಲಿಲ್ಲ. (ಗಿರಾಕಿಗಳ ದುಡ್ಡಲ್ಲ, ನಷ್ಟ ನಮ್ಮದೇ ಖಜಾನೆಯಿಂದ ತುಂಬ್ತೀವಿ ಅಂತ ಕಂಪನಿ ಆಮೇಲೆ ಹೇಳಿತು.) ಗಮನಿಸಿ, ಎರಡರಲ್ಲೂ ಚೈನ್ ಹೇಳಿದ್ದು ಕೆಟ್ಟ ಸುದ್ದಿ, ಆಗಿಹೋದ ಮೇಲೆ.

ನನ್ನ ಮಟ್ಟಿಗೆ ಅದರ ಉಪಯೋಗ ಇರೋದೂ ಅಲ್ಲೇ, ಬೇಡ ಅನ್ನೋದಕ್ಕೆ. ಹೊಸ ಟೋಕನ್ ಒಂದು ಬಂತು ಅಂದ್ರೆ ಎಕ್ಸ್‌ಚೇಂಜು, ಕಾಂಟ್ರಾಕ್ಟಿನ ಅಡ್ರೆಸ್ಸು ಬಿಟ್ಟು ಉಳಿದ ಮೊದಲ ಹತ್ತು ವ್ಯಾಲೆಟ್ಟಲ್ಲಿ ಎಷ್ಟಿದೆ ನೋಡ್ತೀನಿ. ಆ ಹತ್ತಕ್ಕೂ ಮೊದಲ ಫೀಸಿನ ಕಾಸು ಒಂದೇ ಕಡೆಯಿಂದ ಬಂದಿದೆಯಾ ನೋಡ್ತೀನಿ. ಮಾಡಿದೋನು ಇನ್ನೂ ಹೊಸದಾಗಿ ಟೋಕನ್ ಅಚ್ಚು ಹಾಕೋ ಅಧಿಕಾರ ಇಟ್ಟುಕೊಂಡಿದ್ದಾನಾ, ಲಿಕ್ವಿಡಿಟಿ ಎತ್ತಿಕೊಂಡು ಓಡಬಹುದಾ ನೋಡ್ತೀನಿ. ಒಂದರಲ್ಲಿ ಕೆಟ್ಟ ವಾಸನೆ ಬಂದ್ರೂ ಅಲ್ಲಿಗೆ ಬಿಟ್ಟೆ. ಎಲ್ಲಾ ಚೆನ್ನಾಗಿ ಕಂಡ್ರೆ? ಚೆನ್ನಾಗಿ ಕಂಡಿತು, ಅಷ್ಟೇ. ಅದರಿಂದ ಕೊಳ್ಳೋಕೆ ಕಾರಣ ಹುಟ್ಟಲ್ಲ.

ಕೊನೇದಾಗಿ ಕಾಪಿ ಹೊಡೆಯೋ ಹುಡುಗರಿಗೆ ಈ ಗುರುಗಳು ಯಾರೂ ಹೇಳದ ಒಂದು ಲೆಕ್ಕ. 2022ರ ಏಪ್ರಿಲ್‌ನಿಂದ ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ 30 ಪರ್ಸೆಂಟ್ ತೆರಿಗೆ ಇದೆ, ಒಂದು ಕಾಯಿನಲ್ಲಾದ ನಷ್ಟವನ್ನ ಇನ್ನೊಂದರ ಲಾಭಕ್ಕೆ ವಜಾ ಮಾಡೋ ಹಾಗಿಲ್ಲ. ಅದೇ ವರ್ಷದ ಜುಲೈಯಿಂದ ಪ್ರತಿ ಮಾರಾಟಕ್ಕೂ 1 ಪರ್ಸೆಂಟ್ ಟಿಡಿಎಸ್. ನೀವು ಹಿಂಬಾಲಿಸೋ ವೇಲ್ ಎಲ್ಲೋ ತೆರಿಗೆಯೇ ಇಲ್ಲದ ದೇಶದಲ್ಲಿ ಕೂತಿರಬಹುದು, ಅವನು ದಿನಕ್ಕೆ ಐವತ್ತು ಸಲ ಕೊಂಡು ಮಾರಿದ್ರೂ ಅವನಿಗೇನಾಗಬೇಕು! ನೀವು ಇಲ್ಲಿನ ಎಕ್ಸ್‌ಚೇಂಜಲ್ಲಿ 1 ಲಕ್ಷ ಇಟ್ಟು ಅವನ ಹಾಗೇ ಐವತ್ತು ಸಲ ಪೂರ್ತಿ ಕೊಂಡು ಪೂರ್ತಿ ಮಾರಿ, ಲಾಭವೂ ಇಲ್ಲ ನಷ್ಟವೂ ಇಲ್ಲ ಅಂತಿಟ್ಟುಕೊಳ್ಳಿ. ಪ್ರತಿ ಸಲ 1 ಪರ್ಸೆಂಟ್ ಕತ್ತರಿಸ್ತಾ ಹೋದ್ರೆ ಕೈಯಲ್ಲಿ ಉಳಿಯೋದು ಸುಮಾರು 60,500. ಉಳಿದ 39,500 ಟಿಡಿಎಸ್ ಲೆಕ್ಕದಲ್ಲಿ ಸರ್ಕಾರದ ಹತ್ತಿರ ಇರುತ್ತೆ, ರಿಟರ್ನ್ ಫೈಲ್ ಮಾಡಿ ರೀಫಂಡ್ ಬರೋವರೆಗೆ ಕಾಯಬೇಕು. ಎಕ್ಸ್‌ಚೇಂಜಿನ ಫೀಸು, ಅದರ ಮೇಲಿನ ಜಿಎಸ್‌ಟಿ ನಾನು ಇದರಲ್ಲಿ ಸೇರಿಸಿಲ್ಲ. ರಿಟರ್ನ್ ಅಂದ್ರೇನು ಅಂತಾನೇ ಗೊತ್ತಿಲ್ಲದ ಹುಡುಗರು ನಮ್ಮ ಕಡೆ ಎಷ್ಟಿದ್ದಾರೆ ಅಂತ ನಿಮಗೂ ಗೊತ್ತು.

ಕನ್ನಡದಲ್ಲಿ ಬ್ಲಾಗ್ ಬರೆಯೋ ಗೆಳೆಯರಲ್ಲಿ ಒಂದು ಮಾತು. ಶೇರು, ಎಲ್‌ಐಸಿ, ಚೀಟಿ ಬಗ್ಗೆ ಕನ್ನಡದಲ್ಲಿ ಬರೆಯೋರು ಸಿಗ್ತಾರೆ. ಇದರ ಬಗ್ಗೆ ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳೋದು ಬಹುತೇಕ ಕೋರ್ಸ್ ಮಾರೋರ ವಿಡಿಯೋಗಳೇ. ನಿಮ್ಮೂರ ಕಡೆಯಿಂದ ಇಂಥ "ವೇಲ್ ಮೂವ್" ಸ್ಕ್ರೀನ್‌ಶಾಟ್ ಬಂದ್ರೆ ಅದರ ಟ್ರಾನ್ಸಾಕ್ಷನ್ ಐಡಿ ಕೇಳಿ ನನಗೆ ಕಳಿಸಿ. ಐಡಿ ಕೊಡದೆ ಬರೀ ಚಿತ್ರ ಕೊಟ್ರೆ ಅದನ್ನೂ ತಿಳಿಸಿ. ಬರೋ ವಾರ ಅಂಥ ಐದಾರನ್ನ ಇಟ್ಟುಕೊಂಡು ಚಿಲ್ಲರೆ ಯಾವುದು, ಟಿಕೇಟ್ ಯಾವುದು ಅಂತ ಒಂದೊಂದೇ ಬಿಚ್ಚಿ ಇಲ್ಲೇ ಹಾಕ್ತೀನಿ.